ಪಾವಗಡದ ಇಬ್ಬರು ಹನುಮಕ್ಕಂದಿರು

ಮೈಸೂರು ಸೀಮೆಗೆ ಹೋಗಿ ಬಂದೆ ಎಂದ ಕೂಡಲೇ ಧಾರವಾಡದ ನಮ್ಮ ಓಣಿಯವರೆಲ್ಲ ಕೇಳುವುದು ಅರಮನೆಯನ್ನು. ದೀಪ ಹಚ್ಚಿದ್ದರೇನು, ಆನೆ ನೋಡಿದಿಯೇನು, ಗಂಧದ ಸಾಬೂನು ತಂದಿಯೇನು ಎನ್ನುತ್ತಾರೆ. ನಾನು ಅರಮನೆ ನೋಡಲಿಲ್ಲ. ರಾಜರ ಊರಿನ ದಿಕ್ಕಿಗೂ ಹೋಗಲಿಲ್ಲ. ಒಂದು ಬೇಸಿಗೆ ರಜೆಯನ್ನು ಆ ರಾಜ್ಯದ ಬಡಗಣ ಮೂಲೆಯ ನಾಲ್ಕು ತಾಲ್ಲೂಕುಗಳಲ್ಲಿ, ಒಂದು ಧರ್ಮದ ಔಷಧಾಲಯದ ಎತ್ತಿನ ಗಾಡಿಯ ಹಿಂದೆ ಕಳೆದೆ. ಅಲ್ಲಿ ಕಂಡದ್ದು ಬಂಡೆ, ಮರಳು, ಸಾಲುಗಟ್ಟಿ ನಿಂತ ಜನ. ಬಹುಪಾಲು ದಿನಗಳು ನಾನು ಹೆದರಿಕೊಂಡೇ ಇದ್ದೆ. ಅದನ್ನು ಮುಚ್ಚಿಟ್ಟು ಬರೆದರೆ ಈ ಪ್ರವಾಸದಲ್ಲಿ ಹೇಳಲು ಏನೂ ಉಳಿಯುವುದಿಲ್ಲ.

ಆಗ ನನಗೆ ಹತ್ತೊಂಬತ್ತು. ಇಂಟರ್ ಸೈನ್ಸಿನ ಮೊದಲ ವರ್ಷ ಮುಗಿದಿತ್ತು. ಡಾಕ್ಟರಾಗುವ ಆಸೆ ನನ್ನದೇ, ಯಾರೂ ಹೇರಿದ್ದಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಕಪ್ಪೆ ಕೊಯ್ಯುವ ದಿನ ಮೇಜಿನ ಕೆಳಗೆ ಬಿದ್ದು ಎಚ್ಚರ ತಪ್ಪಿದವಳೂ ನಾನೇ. ನಮ್ಮ ತಂದೆ ಶಾಲಾ ಮಾಸ್ತರರು. ಅವರೊಂದಿಗೆ ಬೆಂಗಳೂರಿನಲ್ಲಿ ಓದಿದ ಗುರುಶಾಂತಯ್ಯ ಎಂಬ ಡಾಕ್ಟರು ಮಧುಗಿರಿಯಲ್ಲಿದ್ದರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, ಊರಿನ ಕೆಲವು ವರ್ತಕರ ನೆರವಿನಿಂದ ಹಳ್ಳಿಹಳ್ಳಿಗೆ ಹೋಗಿ ಪುಕ್ಕಟೆಯಾಗಿ ಔಷಧ ಕೊಡುತ್ತಿದ್ದರು. ತಂದೆ ಅವರಿಗೆ ಕಾಗದ ಬರೆದು ನನಗೆ ಹೇಳಿದರು: “ಒಂದು ತಿಂಗಳು ಖರೇ ರೋಗಿಗಳ ನಡುವೆ ಇದ್ದು ಬಾ. ಆಮೇಲೂ ಆಗಬೇಕು ಅನಿಸಿದರ ಮುಂಬಯಿಗೆ ಅರ್ಜಿ ಹಾಕೋಣು.”

ನಮ್ಮ ಧಾರವಾಡ ಬ್ರಿಟಿಷರದು. ಹರಿಹರದ ಹೊಳೆ ದಾಟಿದರೆ ನಮಗೆ ಅದು ಪರದೇಶವೇ. ರಾಜ ಬೇರೆ, ಪೊಲೀಸರ ರುಮಾಲು ಬೇರೆ. ಭಾಷೆ ಕನ್ನಡ, ನಿಜ. ಆದರೆ ತುಮಕೂರಿನ ಸ್ಟೇಷನ್ನಿನಲ್ಲಿ ಹಮಾಲನೊಬ್ಬ ಮಾತಾಡಿಸಿದಾಗ ಅರ್ಧ ನನಗೆ ತಿಳಿಯಲಿಲ್ಲ, ನನ್ನದು ಅವನಿಗೆ ಪೂರ್ತಿ ತಿಳಿಯಲಿಲ್ಲ.

ಕೊರಟಗೆರೆ

ಡಾಕ್ಟರರು ಆ ವಾರ ಕೊರಟಗೆರೆಯಲ್ಲಿದ್ದರು. ತುಮಕೂರಿನಿಂದ ಅಲ್ಲಿಗೆ ಹೋಗುವ ಮೋಟಾರು ಊರು ಇನ್ನೂ ಮುಂದಿದೆ ಎನ್ನುವಾಗ ಒಂದು ಒಣ ಹೊಳೆಯ ಮರಳಿನಲ್ಲಿ ಹೂತುಹೋಯಿತು. ಡ್ರೈವರು ಇಳಿದು, “ಎಲ್ರೂ ಇಳ್ದು ಒಸಿ ತಳ್ಳಿ” ಎಂದ. ‘ಒಸಿ’ ಎಂದರೆ ಸ್ವಲ್ಪ ಎಂದು ಆಗ ಗೊತ್ತಾಗದೆ ನಾನು ಒಳಗೇ ಕೂತೆ. ಪಕ್ಕದಲ್ಲಿದ್ದ ಮುದುಕಿ ಕೆಳಗಿನಿಂದ ತಿರುಗಿ ನೋಡಿ, “ಇಳಿಯಮ್ಮ, ನಿನ್ ಮಕ ನೋಡ್ಕಂಡು ಮೋಟ್ರು ಎದ್ದೇಳಕಿಲ್ಲ” ಎಂದಳು. ಇಳಿದು ತಳ್ಳಿದೆ. ಚಪ್ಪಲಿಯೊಂದು ಮರಳಿನಲ್ಲಿ ಉಳಿಯಿತು. ಹೀಗೆ ಒಂಟಿ ಚಪ್ಪಲಿಯಲ್ಲಿ ನಾನು ಮೊದಲ ಬಾರಿ ಡಾಕ್ಟರ್ ಗುರುಶಾಂತಯ್ಯನವರ ಮುಂದೆ ನಿಂತೆ.

ಅವರು ತೆಳ್ಳಗೆ, ಎತ್ತರಕ್ಕೆ, ಹಣೆಯ ತುಂಬ ವಿಭೂತಿ ಇಟ್ಟ ಮನುಷ್ಯ. ಕುಶಲ ಕೇಳಲಿಲ್ಲ. “ಕೈ ತೊಳಕೊಂಡು ಬಾ” ಎಂದರು.

ಅವರು ರೋಗಿಗಳನ್ನು ನೋಡುತ್ತಿದ್ದ ಮಂಟಪದ ಕಲ್ಲಿನ ಮೇಲೆ ಒಬ್ಬ ರೈತ ಕಾಲು ಚಾಚಿ ಕೂತಿದ್ದ. ಅವನ ಹಿಮ್ಮಡಿಯ ಮೇಲೆ ಹುಣ್ಣು, ಹುಣ್ಣಿನಿಂದ ಬಿಳಿ ದಾರದಂಥದ್ದು ಹೊರಗೆ ಬಂದು ಒಂದು ಕಡ್ಡಿಗೆ ಸುತ್ತಿಕೊಂಡಿತ್ತು. ದಾರವಲ್ಲ, ಹುಳು. ಮೆಟ್ಟಿಲುಬಾವಿಯ ನೀರು ಕುಡಿದವರಿಗೆ ಬರುವ ನಾರುಹುಣ್ಣು. ದಿನಕ್ಕೆ ಒಂದೇ ಸುತ್ತು ಕಡ್ಡಿಗೆ ಸುತ್ತಿ, ತಿಂಗಳುಗಟ್ಟಲೆ ಎಳೆದು ತೆಗೆಯಬೇಕು.

“ಇವತ್ತಿನ ಸುತ್ತು ನಿನ್ನದು” ಎಂದು ಡಾಕ್ಟರು ಮುಂದಿನ ರೋಗಿಯ ಕಡೆ ತಿರುಗಿದರು.

ನಾನು ಕಡ್ಡಿ ಹಿಡಿದೆ. ರೈತ ಶಾಂತವಾಗಿ, “ಹುಷಾರು ಕಣವ್ವ. ತುಂಡಾದ್ರೆ ಒಳಗೇ ಕೊಳೀತದೆ, ಕಾಲು ಹೋಯ್ತದೆ” ಎಂದ. ನಾನು ಕಡ್ಡಿಯನ್ನು ತಿರುಗಿಸದೆ ಹಾಗೇ ಹಿಡಿದುಕೊಂಡೆ. ಆ ಹುಳು ಒದ್ದೆ ನೂಲಿನಷ್ಟು ಮೆತ್ತಗಿತ್ತು. ಅವನು ನನ್ನ ಕೈ ನೋಡಿದ, ಮುಖ ನೋಡಿದ, ಆಮೇಲೆ ಮಗುವನ್ನು ಸಮಾಧಾನ ಮಾಡುವವನಂತೆ ಮಾತಿಗೆಳೆದ.

“ನಿಮ್ಮೂರ್ ಕಡೆ ಮಳೆ ಹೆಂಗೆ?”

“ಛಲೋ ಆಗ್ತದ್ರಿ.”

“ರಾಗಿ ಬೆಳೀತೀರಾ?”

“ಇಲ್ರಿ, ಜೋಳ.”

“ಜ್ವಾಳದಾಗೆ ಮುದ್ದೆ ಕಟ್ಟಕಾಯ್ತದಾ?”

ಜೋಳದಿಂದ ಮುದ್ದೆ ಕಟ್ಟಬಹುದೇ ಎಂದು ಯೋಚಿಸುತ್ತ ಒಂದು ಸುತ್ತು ಮುಗಿಸಿದ್ದೆ. ಹುಳು ತುಂಡಾಗಲಿಲ್ಲ. ಕಾಯಿಲೆಯವನು ನನ್ನನ್ನು ನೋಡಿಕೊಂಡಿದ್ದ, ನಾನು ಅವನನ್ನಲ್ಲ.

ಮಧುಗಿರಿ

ಮಧುಗಿರಿಯಲ್ಲಿ ಡಾಕ್ಟರ ಮನೆಯ ಹಿತ್ತಲಿಗೆ ಹೋಗಿ ತಲೆಯೆತ್ತಿದರೆ ಆಕಾಶ ಇರಬೇಕಾದ ಜಾಗದಲ್ಲಿ ಕಲ್ಲಿತ್ತು. ಊರಿನ ಬೆನ್ನಿಗೆ ನಿಂತ ಒಂದೇ ಒಂದು ಬಂಡೆ, ಅದರ ಮೇಲೆ ಕೋಟೆ. ನಮ್ಮ ಕಡೆ ನೆಲ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಇಲ್ಲಿ ಅದು ಎದ್ದು ನಿಂತುಬಿಟ್ಟಿದೆ. ಮೊದಲ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವಳು ಅದು ಉರುಳಿ ಬಂದರೆ ಯಾವ ಕಡೆ ಓಡಬೇಕು ಎಂದು ಲೆಕ್ಕ ಹಾಕಿದೆ. ಡಾಕ್ಟರ ಹೆಂಡತಿ ಪಾರ್ವತಮ್ಮನವರಿಗೆ ಹೇಳಿದಾಗ, “ನಾನೂ ಮದುವೆಯಾಗಿ ಬಂದಾಗ ಅಂಗೇ ಅನ್ಕೊಂಡಿದ್ದೆ. ಈಗ ಬಟ್ಟೆ ಒಣಗಲಿಲ್ಲ ಅಂದ್ರೆ ಮಾತ್ರ ಅದನ್ನ ಬೈತೀನಿ” ಎಂದರು.

ಔಷಧ ಕೊಡುವ ಕೆಲಸವನ್ನು ನನಗೆ ಕಲಿಸಿದವರು ಗೌಸ್ ಸಾಹೇಬರು. ಶಿರಾದವರು. ಔಷಧಾಲಯದ ಕಂಪೌಂಡರೂ ಅವರೇ, ಗಾಡಿ ಹೊಡೆಯುವವರೂ ಅವರೇ. ರೋಗಿಗಳು ಮನೆಯಿಂದ ತಂದ ಸೀಸೆಗಳಿಗೇ ನಾವು ಔಷಧ ತುಂಬಬೇಕಿತ್ತು. ಎಣ್ಣೆಯದು, ಸಾರಾಯಿಯದು, ಅತ್ತರಿನದು, ಯಾವುದಾದರೂ ಸರಿ.

“ನೋಡು ಬೇಟಿ,” ಎಂದರು ಅವರು, “ಬಾಟ್ಲಿ ನೋಡಿ ಏನೂ ಗೊತ್ತಾಗಲ್ಲ. ಚೀಟಿ ಮ್ಯಾಲೆ ಹೆಸ್ರು ಬರಿ, ಊರು ಬರಿ, ಕುಡಿಯೋದಾ ಹಚ್ಚೋದಾ ಬರಿ. ಕೊಡೋವಾಗ ಮಕ ನೋಡು. ಮೂರು ಸಲ ಹೇಳು. ಅವ್ರ ಬಾಯಿಂದ ಒಂದು ಸಲ ಹೇಳ್ಸು. ಜಲ್ದಿ ಮಾಡಬ್ಯಾಡ.”

ಹತ್ತು ದಿನ ಹಾಗೆಯೇ ಮಾಡಿದೆ.

ಪಾವಗಡ

ಮಧುಗಿರಿಯಿಂದ ಪಾವಗಡಕ್ಕೆ ಹೋಗಬೇಕಾದರೆ ಮೈಸೂರನ್ನು ಬಿಟ್ಟು ಮೈಸೂರಿಗೇ ಹೋಗಬೇಕು. ನಡುವೆ ಮದ್ರಾಸಿನವರ ನೆಲ ಬರುತ್ತದೆ. ಪಾವಗಡ ತಾಲ್ಲೂಕು ಸುತ್ತಲೂ ಬ್ರಿಟಿಷ್ ನೆಲವನ್ನು ಹೊದ್ದುಕೊಂಡು ಒಂಟಿಯಾಗಿ ಕೂತಿದೆ. ಗಡಿಕಲ್ಲು ದಾಟುವಾಗ ಗೌಸ್ ಸಾಹೇಬರು, “ಈಗ ನಿನ್ನ ಸರ್ಕಾರ, ಬೇಟಿ. ನಮ್ಮನ್ನ ನೋಡ್ಕೋ” ಎಂದು ನಕ್ಕರು. ಎತ್ತುಗಳಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ.

ಪಾವಗಡ ಮುಟ್ಟಿದಾಗ ಕಾಲರಾದ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಕೆಳಗಿನ ಬೀದಿಯಲ್ಲಿ ಒಂದೇ ಮನೆಯಲ್ಲಿ ಇಬ್ಬರು ಹೋದರಂತೆ. ಮರುದಿನ ಛತ್ರದ ಜಗಲಿಯಲ್ಲಿ ಔಷಧದ ಮೇಜು ಹಾಕಿದಾಗ ಜನ ಸಾಲು ಮುರಿದು ಮೈಮೇಲೆ ಬಿದ್ದರು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ನನಗೆ ಮಾತು ಕೇಳಿಸುತ್ತಿರಲಿಲ್ಲ, ಕೈಗಳಷ್ಟೇ ಕಾಣುತ್ತಿದ್ದವು. ಆ ಕೈಗಳಲ್ಲಿ ಯಾವುದು ಕೆಳಗಿನ ಬೀದಿಯಿಂದ ಬಂದದ್ದು ಎಂಬುದೊಂದೇ ತಲೆಯಲ್ಲಿ. ಸೀಸೆಯನ್ನು ತುದಿಬೆರಳಿನಲ್ಲಿ ಹಿಡಿದು, ತೋಳು ಉದ್ದ ಚಾಚಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿಕೊಂಡು ಕೊಡುತ್ತಿದ್ದೆ. ಚೀಟಿಯ ಮೇಲೆ ಹೆಸರು ಮಾತ್ರ ಬರೆದೆ. ಊರು ಬರೆಯಲಿಲ್ಲ. ಮೂರು ಸಲ ಹೇಳಲಿಲ್ಲ. ಆ ದಿನ ಬೇಗ ಮುಗಿದರೆ ಸಾಕಿತ್ತು.

ಮರುದಿನ ಬೆಳಿಗ್ಗೆ ಮೇಜು ಹಾಕುವ ಮೊದಲೇ ಒಬ್ಬ ಮುದುಕಿ ಕುಂಟುತ್ತ ಬಂದಳು. ಊರವಳೇ, ಹನುಮಕ್ಕ ಅಂತ. ಹಿಂದಿನ ದಿನ ಮೊಣಕಾಲು ನೋವಿಗೆ ಹಚ್ಚುವ ಔಷಧ ತೆಗೆದುಕೊಂಡು ಹೋಗಿದ್ದಳು. ಸೀಸೆಯನ್ನು ಮೇಜಿನ ಮೇಲೆ ಇಟ್ಟು ಸೀರೆ ಮೊಣಕಾಲಿನವರೆಗೆ ಎತ್ತಿ ತೋರಿಸಿದಳು. ಚರ್ಮದ ಮೇಲೆಲ್ಲ ಕೆಂಪು ಗಂಧೆ.

“ಇದೇನಮ್ಮಾ ಕೊಟ್ಟೆ ನೀನು? ಮಲಗಕ್ಕೆ ಬಿಡ್ಲಿಲ್ಲ. ಚೀಮಲು ಕಣಮ್ಮಾ, ಚೀಮಲು.”

“ಚೀಮಲು ಅಂದರ?” ಎಂದು ಗೌಸ್ ಸಾಹೇಬರನ್ನು ಕೇಳಿದೆ.

“ಇರುವೆ. ತೆಲುಗಲ್ಲಿ ಇರುವೆ.” ಅವರಿಗೆ ನಗು ತಡೆಯಲಾಗಲಿಲ್ಲ. “ಅಜ್ಜಿ ಕಾಲಿಗೆ ಇರುವೆ ಮುತ್ಕೊಂಡ್ಬುಟ್ವಂತೆ. ಏನು, ಬೆಲ್ಲ ಹಚ್ಕೊಂಡ್ಯಾ ಅಜ್ಜಿ?” ಎನ್ನುತ್ತ ಸೀಸೆಯ ಬಿರಡೆ ತೆಗೆದು ಮೂಸಿದರು. ನಗು ಅಲ್ಲೇ ನಿಂತಿತು. ಇನ್ನೊಮ್ಮೆ ಮೂಸಿ, ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು, ಸೀಸೆಯನ್ನು ನನ್ನ ಮೂಗಿಗೆ ಹಿಡಿದರು.

ಜ್ಯೇಷ್ಠಮಧುವಿನ ವಾಸನೆ. ಮಕ್ಕಳಿಗೆ ಕೊಡುವ ಕೆಮ್ಮಿನ ಔಷಧ.

ಹಿಂದಿನ ದಿನ ಹನುಮಕ್ಕ ಎಂಬ ಹೆಸರಿನ ಚೀಟಿಯನ್ನು ನಾನು ಎರಡು ಸೀಸೆಗಳಿಗೆ ಅಂಟಿಸಿದ್ದೆ. ಎರಡೂ ಒಂದೇ ತರಹದ ಎಣ್ಣೆ ಸೀಸೆಗಳು. ಒಬ್ಬಳು ಈ ಮುದುಕಿ. ಇನ್ನೊಬ್ಬಳು ಎಳೆಯ ಹೆಂಗಸು, ಮೂರು ವರ್ಷದ ಮಗಳ ಕೆಮ್ಮಿಗೆ ಬಂದವಳು. ಮುದುಕಿಯ ಕಾಲಿಗೆ ಕೆಮ್ಮಿನ ಔಷಧ ಹೋಗಿದ್ದರೆ, ಆ ಮಗುವಿನ ಮನೆಗೆ ಹೋದದ್ದು ಬೆಲಡೋನಾ, ಕರ್ಪೂರ ಬೆರೆಸಿದ ಹಚ್ಚುವ ಎಣ್ಣೆ. ಹೊಟ್ಟೆಗೆ ಹೋದರೆ ಅದು ವಿಷ.

ನಾನು ಏನು ಹೇಳಿದೆನೋ ನೆನಪಿಲ್ಲ. ಡಾಕ್ಟರು ಒಳಗಿನಿಂದ ಬಂದರು, ಸೀಸೆ ಮೂಸಿದರು, ಗೌಸ್ ಸಾಹೇಬರ ರಿಜಿಸ್ಟರು ತೆಗೆದರು. ಅದರಲ್ಲಿ ಊರು ಇತ್ತು: ಕರೇಕಲ್ಲು ಹಟ್ಟಿ. ವೈ.ಎನ್.ಹೊಸಕೋಟೆಯ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಅಡ್ಡದಾರಿ ಹಿಡಿದರೆ ಗಡಿಯಾಚೆ ಸಿಗುವ ಹಳ್ಳಿ. ಡಾಕ್ಟರು ನನ್ನನ್ನು ಬೈಯಲಿಲ್ಲ. “ಗಾಡಿ ಕಟ್ಟು ಗೌಸ್” ಎಂದರು. ಬೈದಿದ್ದರೆ ಸ್ವಲ್ಪ ಉಸಿರಾಡುತ್ತಿದ್ದೆನೇನೋ.

ಗಡಿ

ಎತ್ತು ಓಡುತ್ತದೆ ಎಂಬುದನ್ನು ಅವತ್ತೇ ನೋಡಿದ್ದು. ಆದರೂ ಅದು ಎತ್ತು. ಪ್ರತಿಯೊಂದು ಮರ ಹಿಂದೆ ಸರಿಯಲು ಒಂದು ಯುಗ ತೆಗೆದುಕೊಳ್ಳುತ್ತಿತ್ತು. ಆ ತಾಯಿ ನಿನ್ನೆ ಸಂಜೆಯೇ ಕುಡಿಸಿದ್ದರೆ ಎಂದು ಒಂದು ಮನಸ್ಸು. ವಾಸನೆ ನೋಡಿ ಎಸೆದಿರಬಹುದು ಎಂದು ಇನ್ನೊಂದು ಮನಸ್ಸು. ಓದಿದವಳು ಕೊಟ್ಟದ್ದನ್ನು ಯಾಕೆ ಎಸೆಯುತ್ತಾಳೆ ಎಂದು ಮತ್ತೆ ಮೊದಲನೆಯದು. ಕೈ ಬಾಯಿಗಿಟ್ಟುಕೊಂಡು ಕೂತಿದ್ದೆ. ಬೆರಳಿನ ಗೆಣ್ಣು ಕಚ್ಚಿ ರಕ್ತ ಬಂದದ್ದು ಆಮೇಲೆ ಕಂಡಿತು.

ಗಡಿಕಲ್ಲಿನ ಹತ್ತಿರ ಹಿಂದಿನ ದಿನದವರೆಗೆ ಇಲ್ಲದ ಒಂದು ಬಿದಿರಿನ ಗಳವನ್ನು ಅಡ್ಡ ಕಟ್ಟಿದ್ದರು. ಆಚೆ ಕಡೆಯ ಪೊಲೀಸನೊಬ್ಬ ಕೈ ಅಡ್ಡ ಮಾಡಿದ.

“ಪಾವಗಡಂ ಬಂಡಿ, ಮೈಸೂರೋರು ಯಾರನ್ನೂ ಬಿಡಬ್ಯಾಡ ಅಂತ ಹುಕುಂ, ಸ್ವಾಮಿ. ಕಾಲರಾ ಐತಂತೆ ಅಲ್ಲಿ. ಇನ್‌ಸ್ಪೆಕ್ಟರ್ ಬರ್ತಾರೆ, ಚೀಟಿ ಕೊಟ್ರೆ ಹೋಗ್ಬೋದು.”

“ನಾನು ಡಾಕ್ಟರು. ಒಂದು ಮಗು ಸಾಯ್ತಾ ಇರಬಹುದು” ಎಂದರು ಗುರುಶಾಂತಯ್ಯನವರು.

“ನಿಜ ಇರ್ಬೋದು ಸ್ವಾಮಿ. ನನ್ನ ಕೆಲ್ಸ ಹೋಯ್ತದೆ.”

ಅವನು ಕೆಟ್ಟವನಲ್ಲ. ಅವನೂ ಹೆದರಿದ್ದ. ಮಾತಾಡುವಾಗ ಮೂಗಿಗೆ ವಸ್ತ್ರ ಹಿಡಿದುಕೊಂಡಿದ್ದ. ನಾನು ಕೆಳಗಿಳಿದು ಚೀಲದಿಂದ ನಮ್ಮ ಕಾಲೇಜಿನ ಕಾಗದ ತೆಗೆದೆ. ಅದರ ತಲೆಯ ಮೇಲೆ ಕಿರೀಟದ ಮುದ್ರೆ ಇತ್ತು.

“ನಾ ಮೈಸೂರಾಕಿ ಅಲ್ರಿ. ಧಾರವಾಡದಾಕಿ. ನಿಮ್ಮ ಸರಕಾರದಾಕಿನ. ಗಾಡಿ ಇಲ್ಲೇ ಇರ್ಲಿ. ನಾ ಒಬ್ಬಾಕಿ ನಡಕೊಂತ ಹೋಗ್ತೇನಿ.”

ಅವನಿಗೆ ಕಾಗದ ಓದಲು ಬರುತ್ತಿರಲಿಲ್ಲ. ಮುದ್ರೆ ಗುರುತು ಹತ್ತಿತು. ಗಾಡಿಯ ಬಗ್ಗೆ, ಮೈಸೂರಿನವರ ಬಗ್ಗೆ ಹುಕುಂ ಇತ್ತು, ಕಾಲ್ನಡಿಗೆಯ ಧಾರವಾಡದ ಹೆಂಗಸಿನ ಬಗ್ಗೆ ಇರಲಿಲ್ಲ. ಬೇರೆ ಕಡೆ ನೋಡುತ್ತ ನಿಂತ.

ಡಾಕ್ಟರು ನನ್ನ ಕೈಗೆ ಒಂದು ಕಾಫಿಪುಡಿ ಪೊಟ್ಟಣ ಕೊಟ್ಟರು. “ಕೇಳು. ಕುಡಿಸಿದ್ದರೆ ಮೊದಲು ಉಪ್ಪುನೀರು ಹಾಕಿ ವಾಂತಿ ಮಾಡಿಸು. ಬೆರಳು ಹಾಕು, ಅಂಜಬೇಡ. ಆಮೇಲೆ ಕಾಫಿ, ಹಾಲಿಲ್ಲದೆ, ಗಟ್ಟಿಯಾಗಿ. ಮೈ ಕಾದಿದ್ದರೆ ಒದ್ದೆ ಬಟ್ಟೆ. ಮಲಗೋಕೆ ಬಿಡಬೇಡ. ರೆಪ್ಪೆ ಎತ್ತಿ ಕಣ್ಣು ನೋಡು. ನಡುವಿನ ಕಪ್ಪು ಹಿಗ್ಗಿ ಕಣ್ಣು ತುಂಬಿದ್ದರೆ ವಿಷ ಒಳಗೆ ಹೋಗಿದೆ. ಈಗ ಹೇಳು.” ನಾನು ಹೇಳಿದೆ. ಇನ್ನೆರಡು ಸಲ ಹೇಳಿಸಿದರು.

“ಉಸಿರು ನಿಂತರ?” ಎಂದೆ.

“ಹೋಗು” ಎಂದರು.

ಎರಡು ಮೈಲಿ ಇರಬೇಕು. ಕಲ್ಲುನೆಲ, ತಂಗಡಿ ಗಿಡ, ಎಲ್ಲೂ ಒಂದು ನರಪಿಳ್ಳೆಯಿಲ್ಲ. ದಾರಿ ಒಂದು ಕಡೆ ಕವಲಾಯಿತು. ಕುರಿ ಕಾಯುತ್ತಿದ್ದ ಮುದುಕನನ್ನು ಕರೇಕಲ್ಲು ಹಟ್ಟಿ ಯಾವ ಕಡೆ ಎಂದು ಕೇಳಿದೆ. ಅವನು, “ಕುಡಿ, ಕುಡಿ” ಎಂದ. ನೀರು ಕುಡಿ ಎನ್ನುತ್ತಿದ್ದಾನೆ ಎಂದುಕೊಂಡು ಬೇಡವೆಂದು ಕೈಯಾಡಿಸಿ ಎಡದ ದಾರಿ ಹಿಡಿದೆ. “ಕುಡಿ, ಅಮ್ಮಾ, ಕುಡಿ” ಎಂದು ಹಿಂದೆ ಕೂಗು. ಆ ಹೊತ್ತಿನಲ್ಲಿ ನನಗೆ ಕೇಳಬಾರದ ಮಾತು ಅದೊಂದೇ. ಮತ್ತೂ ಬೇಗ ನಡೆದೆ. ಮುದುಕ ಓಡಿಬಂದು, ಭುಜ ಹಿಡಿದು, ನನ್ನನ್ನು ಬಲಗಡೆಗೆ ತಿರುಗಿಸಿ ನಿಲ್ಲಿಸಿದ. ತೆಲುಗಿನಲ್ಲಿ ಕುಡಿ ಎಂದರೆ ಬಲ.

ಕರೇಕಲ್ಲು ಹಟ್ಟಿ

ಹಟ್ಟಿಯಲ್ಲಿ ಹದಿನೈದು ಇಪ್ಪತ್ತು ಮನೆ. ಯಾವ ಮನೆ ಎಂದು ಕೇಳಬೇಕಾಗಲಿಲ್ಲ. ಒಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಹೊರಗೆ ಹೆಂಗಸರು ಗುಂಪು ಕೂಡಿದ್ದರು.

ಒಳಗೆ ಚಾಪೆಯ ಮೇಲೆ ಮಗು ಕೂತಿತ್ತು. ಮುಖ ಕೆಂಡದ ಬಣ್ಣ. ತುಟಿ ಒಣಗಿ ಸೀಳಿತ್ತು. ಕಣ್ಣು ಅಗಲ ತೆರೆದು, ಮುಂದೆ ಇಲ್ಲದ ಏನನ್ನೋ ಎರಡು ಬೆರಳಿನಿಂದ ಗಾಳಿಯಲ್ಲಿ ಒಂದೊಂದಾಗಿ ಕಿತ್ತು ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿತ್ತು. ಅದನ್ನು ನೋಡಿದಾಗ ಹುಟ್ಟಿದ ಭಯಕ್ಕೆ ಇವತ್ತಿಗೂ ನನ್ನಲ್ಲಿ ಹೆಸರಿಲ್ಲ.

ಒಬ್ಬ ಮುದುಕಿ ಮೆಲ್ಲಗೆ, “ಅಮ್ಮ ಬಂದವ್ಳೆ ಮೈಮ್ಯಾಲೆ. ಹೂವ ಬಿಡಿಸ್ತಾ ಅವ್ಳೆ” ಎಂದಳು.

ತಾಯಿ ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರರ ಹೆಂಗಸು. ಹಿಂದಿನ ದಿನ ಅವಳ ಮುಖವನ್ನು ನಾನು ನೋಡಿಯೇ ಇರಲಿಲ್ಲ.

“ಔಷಧ ಕುಡಿಸೀರೇನ್ರಿ?” ಎಂದೆ.

“ನಿನ್ನೆ ಕೆಮ್ಮಲಿಲ್ಲ, ಮಲ್ಗಿತ್ತು. ಹೊತ್ತಾರೆ ಕುಡಿಸ್ದೆ, ಒಂದು ಚಮ್ಚ. ಕಾರ ಅಂತ ಉಗೀತಿತ್ತು. ಬೆಲ್ಲ ಕಲಸಿ ಹಾಕ್ದೆ.”

ಉಪ್ಪು ಕೇಳಿದೆ, ನೀರು ಕೇಳಿದೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಾಯಿಗೆ ಉಪ್ಪುನೀರು ಹೊಯ್ದೆ. ನುಂಗಲಿಲ್ಲ. ಮೂಗು ಹಿಡಿದು ಮತ್ತೆ ಹೊಯ್ದೆ. ಬೆರಳು ಒಳಗೆ ಹಾಕಿದಾಗ ಪುಟ್ಟ ಹಲ್ಲುಗಳು ಗೆಣ್ಣಿಗೆ ನಾಟಿದವು. ಮೂರನೆಯ ಸಲಕ್ಕೆ ವಾಂತಿಯಾಯಿತು. ಕರ್ಪೂರದ ಘಾಟು ಮನೆಯನ್ನೆಲ್ಲ ತುಂಬಿತು. ಮತ್ತೆ ನೀರು, ಮತ್ತೆ ಬೆರಳು. ಬರೀ ನೀರು ಬರುವವರೆಗೆ. ಆಮೇಲೆ ಒಲೆಯ ಮೇಲೆ ಕಾಫಿ ಕುದಿಸಲು ಹೇಳಿದೆ. ಯಾರಿಗೂ ಅದನ್ನು ಮಾಡಿ ಗೊತ್ತಿರಲಿಲ್ಲ. ನಾನೇ ಎದ್ದು ಕುದಿಸಿದೆ. ರೆಪ್ಪೆ ಎತ್ತಿ ನೋಡಿದೆ. ಕಣ್ಣಿನ ಕಪ್ಪು ಹಿಗ್ಗಿ, ಸುತ್ತ ಕೂದಲೆಳೆಯಷ್ಟು ಕಂದು ಮಾತ್ರ ಉಳಿದಿತ್ತು. ಎದೆ ನನ್ನ ಅಂಗೈಯ ಕೆಳಗೆ ಗುಬ್ಬಿಯಂತೆ ಬಡಿದುಕೊಳ್ಳುತ್ತಿತ್ತು. ಅಲ್ಲಿಗೆ ನನಗೆ ಗೊತ್ತಿದ್ದದ್ದು ಮುಗಿಯಿತು. ಇನ್ನು ಮುಂದೆ ನಾನೂ ಆ ಹೆಂಗಸರಂತೆಯೇ, ಏನೂ ತಿಳಿಯದವಳು.

ಡಾಕ್ಟರು ಬಂದಾಗ ಸೂರ್ಯ ನೆತ್ತಿಯಿಂದ ಇಳಿದಿದ್ದ. ಇನ್‌ಸ್ಪೆಕ್ಟರ್ ಬಂದು ಚೀಟಿ ಕೊಟ್ಟದ್ದು ಅಷ್ಟು ಹೊತ್ತಿಗೆ. ಮಗುವಿನ ನಾಡಿ ಹಿಡಿದು ಕೂತರು. ಮತ್ತೊಂದು ಲೋಟ ಕಾಫಿ, ಒದ್ದೆ ಬಟ್ಟೆ, ಕಾಯುವುದು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವ ಹೊತ್ತಿಗೆ ಮಗು ಗಾಳಿಯಲ್ಲಿ ಕೀಳುವುದನ್ನು ನಿಲ್ಲಿಸಿತು. ಕೈಗಳನ್ನು ನೋಡಿಕೊಂಡಿತು. ಆಮೇಲೆ ಒಡೆದ ದನಿಯಲ್ಲಿ, “ಅವ್ವ, ನೀರು” ಎಂದಿತು.

ಡಾಕ್ಟರು ನನ್ನನ್ನು ಹೊರಗೆ ಕರೆದರು. “ಬದುಕುತ್ತೆ. ಅರ್ಧ ಉಗಿದದ್ದು ಒಳ್ಳೆಯದಾಯಿತು, ನೀನು ಬೇಗ ಬಂದದ್ದು ಒಳ್ಳೆಯದಾಯಿತು.” ಕೈ ಒರೆಸಿಕೊಳ್ಳುತ್ತ, “ಇವರಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ನಾನು ಹೇಳುವುದಿಲ್ಲ, ತಡೆಯುವುದೂ ಇಲ್ಲ” ಎಂದರು.

ಅಷ್ಟರಲ್ಲಿ ಆ ಮುದುಕಿ ಬಂದು ನನ್ನ ಹಣೆಗೆ ಕುಂಕುಮ ಇಟ್ಟಳು. “ಯಾರೂ ಹೇಳ್ಕಳಿಸ್ದಲೆ ಬಂದವ್ಳೆ. ದೇವ್ರೇ ಕಳ್ಸಿರೋದು” ಎಂದು ಉಳಿದವರಿಗೆ ಹೇಳಿದಳು. ಒಬ್ಬರು ನನ್ನ ಪಾದ ಮುಟ್ಟಲು ಬಗ್ಗಿದರು. ಸುಮ್ಮನಿದ್ದರೆ ಅದು ಅಲ್ಲಿಗೇ ಮುಗಿದುಹೋಗುತ್ತಿತ್ತು. ಒಂದು ಗಳಿಗೆ ಸುಮ್ಮನೇ ಇದ್ದೆ ಎಂಬುದನ್ನೂ ಇಲ್ಲಿ ಹೇಳಬೇಕು.

ಒಳಗೆ ಹೋಗಿ ಹನುಮಕ್ಕನ ಮುಂದೆ ಕೂತೆ.

“ಆ ಬಾಟ್ಲಿ ನಿಮ್ಮದಲ್ಲರಿ. ಅದು ಮೊಣಕಾಲಿಗೆ ಹಚ್ಚೂದು, ಕುಡಿಯೂದಲ್ಲ. ನಾ ಅದಲು ಬದಲು ಮಾಡಿ ಕೊಟ್ಟೆ. ಅದಕ್ಕs ಮಗೂಗೆ ಹಿಂಗಾತು. ತಪ್ಪು ನಂದು.”

ಅವಳಿಗೆ ನನ್ನ ಕನ್ನಡ ತಿಳಿಯಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. ತಿಳಿದಿತ್ತು. ಅವಳ ತವರು ಶಿರಾ ಕಡೆ.

“ನೀನು ಓದ್ದೋಳಲ್ವಾ?” ಎಂದಳು.

“ಹೌದ್ರಿ.”

“ನಾನು ಓದಿಲ್ಲ. ಅದ್ಕೇ ನೀನು ಕೊಟ್ಟಿದ್ದ ಕುಡಿಸ್ದೆ.”

ಮಗುವನ್ನು ನನ್ನ ಪಕ್ಕದಿಂದ ಎತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತಳು. ನಾವು ಹೊರಡುವಾಗಲೂ ತಿರುಗಲಿಲ್ಲ.

ಶಿರಾ

ಶಿರಾಕ್ಕೆ ಬಂದ ದಿನ ನಾನು ಡಾಕ್ಟರಿಗೆ ಊರಿಗೆ ಹೋಗುತ್ತೇನೆ ಎಂದೆ. ಅವರು, “ಮೋಟಾರು ನಾಳೆ ಇದೆ. ಇವತ್ತು ಸಾಲು ನಿಂತಿದೆ” ಎಂದು ಮೇಜಿನ ಕಡೆ ಕೈ ತೋರಿಸಿದರು. ಮರುದಿನವೂ ಅದೇ ಮಾತನ್ನೇ ಹೇಳಿದರು. ಹೀಗೆ ನಾಳೆಗಳು ಮುಂದೆ ಹೋದವು.

ಅಲ್ಲಿ ಗೌಸ್ ಸಾಹೇಬರ ಬೀದಿಯ ಮನೆಗಳಲ್ಲಿ ಹೆಂಗಸರು ಗಂಡಸು ಡಾಕ್ಟರ ಮುಂದೆ ಬರುವುದಿಲ್ಲ. ನಾನು ಪರದೆಯ ಒಳಗೆ ಹೋಗಿ ಕೇಳಿಕೊಂಡು ಬಂದು ಜಗಲಿಯಲ್ಲಿ ಕೂತ ಡಾಕ್ಟರಿಗೆ ಒಪ್ಪಿಸಬೇಕು, ಅವರು ಹೇಳಿದ್ದನ್ನು ಮತ್ತೆ ಒಳಗೆ ಒಯ್ಯಬೇಕು. ನಮ್ಮೂರಲ್ಲಿ ಒಬ್ಬರ ಮನೆಗೆ ಹೋದರೆ ಮೊದಲು ನೀರು ಬೆಲ್ಲ ಬರುತ್ತದೆ. ಇಲ್ಲಿ ಮೊದಲು ಬಂದದ್ದು ನಗು. ಪ್ರತಿಯೊಬ್ಬಳ ಹೆಸರನ್ನು ಮೂರು ಸಲ ಕೇಳುತ್ತಿದ್ದೆ. ಗಂಡನ ಹೆಸರು, ಬೀದಿಯ ಹೆಸರು ಕೇಳುತ್ತಿದ್ದೆ. ಮುಖ ಹತ್ತಿರದಿಂದ ನೋಡುತ್ತಿದ್ದೆ. “ಬೇಚಾರಿ, ಈ ಹುಡ್ಗಿಗೆ ಕಿವೀನೂ ಇಲ್ಲ, ಕಣ್ಣೂ ಇಲ್ಲ” ಎಂದು ಒಬ್ಬಳು ಅಂದದ್ದು ಕೇಳಿಸಿತು. ಒಂದೇ ಸೀಸೆಯನ್ನು ಮತ್ತೆ ಮತ್ತೆ ತೆಗೆದು ಮೂಸುವುದನ್ನು ಕಂಡು ಅವಳ ಅತ್ತೆ ನನಗೇ ಜ್ವರವಿದೆಯೇ ಎಂದು ಮುಟ್ಟಿ ನೋಡಿದಳು.

ಜ್ವರವಿರಲಿಲ್ಲ. ಬಿರಡೆ ತೆಗೆದಾಗಲೆಲ್ಲ ಕರ್ಪೂರದ ವಾಸನೆ ಬಂದಂತಾಗುತ್ತಿತ್ತು. ಇಲ್ಲದಿದ್ದರೂ ಬರುತ್ತಿತ್ತು.

ಬರಗೂರು

ಹುಲಿಕುಂಟೆಯಲ್ಲಿ ಎರಡು ದಿನ ಕಳೆದು ಬರಗೂರಿಗೆ ಬಂದೆವು. ಊರ ಮುಂದಿನ ಬೇವಿನ ಮರದ ಕೆಳಗೆ ಮೇಜು ಹಾಕಿದ್ದೆವು. ಸಾಲಿನಲ್ಲಿ ಏಳನೆಯವಳೋ ಎಂಟನೆಯವಳೋ ಆಗಿ ಹನುಮಕ್ಕ ನಿಂತಿದ್ದಳು. ಮಗು ಕಂಕುಳಲ್ಲಿತ್ತು. ಅವಳ ತವರು ಆ ಊರೇ.

ಅವಳನ್ನು ಕಂಡ ಕೂಡಲೇ ಎದ್ದು ಹೋಗಿಬಿಡಬೇಕು ಎನ್ನಿಸಿತು. ಮುಂದಿನವಳ ಸೀಸೆ ತೆಗೆದುಕೊಂಡೆ. ಒಬ್ಬೊಬ್ಬರೇ ಮುಗಿದು ಅವಳ ಸರದಿ ಬಂತು. ಡಾಕ್ಟರು ಮಗುವಿನ ಎದೆಗೆ ಕೊಳವೆ ಇಟ್ಟು ಕೇಳಿದರು, ಚೀಟಿ ಬರೆದು ನನ್ನ ಕಡೆ ಸರಿಸಿದರು. ಅದೇ ಕೆಮ್ಮು, ಅದೇ ಔಷಧ.

ಹನುಮಕ್ಕ ಸೆರಗಿನ ಒಳಗಿನಿಂದ ಒಂದು ಹೊಸ ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ನಾನು ದೊಡ್ಡ ಜಾಡಿಯ ಮೇಲಿನ ಹೆಸರನ್ನು ಓದಿದೆ. ಗೌಸ್ ಸಾಹೇಬರಿಗೆ ತೋರಿಸಿದೆ. ಅವರೂ ಓದಿದರು. ಮೂಸಿ ನೋಡಿ ತುಂಬಿದೆ. ಹೆಸರು ಬರೆದೆ, ಊರು ಬರೆದೆ, ಮಗುವಿನ ಹೆಸರು ಕೇಳಿ ಅದನ್ನೂ ಬರೆದೆ: ಕೆಂಚಮ್ಮ. ಅವಳ ಮುಖ ನೋಡಿ, “ಕುಡಿಸೂದು. ದಿನಕ್ಕ ಮೂರು ಸಲ, ಒಂದೊಂದು ಚಮಚ” ಎಂದು ಮೂರು ಸಲ ಹೇಳಿದೆ.

ಅವಳು ಸೀಸೆ ತೆಗೆದುಕೊಂಡಳು. ಹೋಗಲಿಲ್ಲ. ಬಿರಡೆ ತೆಗೆದಳು, ಮಡಿಲಿನಿಂದ ಒಂದು ಚಮಚ ತೆಗೆದು ತುಂಬ ಔಷಧ ಹೊಯ್ದು, ನನ್ನ ಕಡೆ ಚಾಚಿದಳು.

“ಮೊದ್ಲು ನೀನು ಕುಡಿ.”

ಡಾಕ್ಟರು ತಲೆಯೆತ್ತಿ ನೋಡಿ ಮತ್ತೆ ಬಗ್ಗಿದರು. ಓದಿದ್ದೆ, ಮೂಸಿದ್ದೆ, ಇಬ್ಬರು ನೋಡಿದ್ದೆವು. ಆದರೂ ಚಮಚ ತುಟಿಗೆ ತಾಗಿದಾಗ ಇನ್ನೊಮ್ಮೆ ಮೂಸಿದೆ. ಕಣ್ಣು ಮುಚ್ಚಿ ನುಂಗಿದೆ. ಸಿಹಿ, ಸಿಹಿಯ ಹಿಂದೆ ಸ್ವಲ್ಪ ಕಹಿ.

“ಕೂತ್ಕೊ” ಎಂದಳು ಹನುಮಕ್ಕ. “ನೋಡಾಣ.”

ಕೂತೆ. ಅವಳೂ ನನ್ನ ಎದುರು ನೆಲದ ಮೇಲೆ ಮಗುವನ್ನು ಕೂರಿಸಿಕೊಂಡು ಕೂತಳು. ಹಿಂದಿನವರು ಗೊಣಗಿದರು, ಆಮೇಲೆ ಅವರೂ ಕೂತರು. ಗೌಸ್ ಸಾಹೇಬರು ಎತ್ತಿಗೆ ನೀರು ಕುಡಿಸಿ ಬಂದರು. ಮರದ ನೆರಳು ಮೇಜಿನ ಒಂದು ಕಾಲಿನಿಂದ ಇನ್ನೊಂದು ಕಾಲಿನ ಹತ್ತಿರ ಹೋಯಿತು. ಅಷ್ಟು ಹೊತ್ತೂ ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಕೊನೆಗೆ ಮುಂದೆ ಬಗ್ಗಿ, ಹೆಬ್ಬೆರಳಿನಿಂದ ನನ್ನ ರೆಪ್ಪೆ ಮೇಲೆತ್ತಿ, ಒಳಗಿನ ಕಪ್ಪನ್ನು ನೋಡಿದಳು. ಆ ಬೆರಳು ಒರಟಾಗಿತ್ತು, ತಣ್ಣಗಿತ್ತು. ಇನ್ನೊಂದು ಕಣ್ಣನ್ನೂ ಹಾಗೆಯೇ ನೋಡಿದಳು. ಆಮೇಲೆ ಚಮಚವನ್ನು ಸೆರಗಿನಿಂದ ಒರೆಸಿ, ಔಷಧ ಹೊಯ್ದು, “ಆ ಅನ್ನು ಕೆಂಚಿ” ಎಂದು ಮಗಳ ಬಾಯಿಗೆ ಇಟ್ಟಳು.